ಮೂರನೆಯ ಭೇಟಿಯಲ್ಲಿ ಹೇಳಿದೆ: ನನ್ನ ಅನುಭವ

"ಹೇಳಿದರೆ ಯಾರು ಕಟ್ಟಿಕೊಳ್ಳುತ್ತಾರಕ್ಕ, ಬಾಯಿ ಮುಚ್ಚಿಕೊಂಡಿರು" ಎಂದು ಹಾಸನ ಬಸ್ ನಿಲ್ದಾಣದಲ್ಲಿ ಆಗ ನನ್ನಂತೆಯೇ ಲೈಂಗಿಕ ವೃತ್ತಿಯಲ್ಲಿದ್ದ ಗೆಳತಿಯರೆಲ್ಲ ಬುದ್ಧಿ ಹೇಳಿದ್ದರು. ಹೋದ ಕಾರ್ತಿಕದಲ್ಲಿ ನನ್ನ ಮದುವೆಯಾಯಿತು, ನನ್ನ ವೃತ್ತಿಯನ್ನು ಹೇಳಿಯೇ ಆಯಿತು. ಈಗ ಅವರೇ ಒಬ್ಬೊಬ್ಬರಾಗಿ ಬಂದು ಹೇಗೆಂದು ಕೇಳುತ್ತಿದ್ದಾರೆ.

ಮೊದಲ ಸಲ ನಾನೂ ಮುಚ್ಚಿಟ್ಟಿದ್ದೆ. ಚನ್ನರಾಯಪಟ್ಟಣದ ಗಾರೆ ಮೇಸ್ತ್ರಿಗೆ ಗಾರ್ಮೆಂಟ್ಸ್ ಕೆಲಸವೆಂದು ಎಂಟು ತಿಂಗಳು ನಂಬಿಸಿದೆ. ಹಾಸನಾಂಬೆಯ ಬಾಗಿಲು ತೆರೆದಾಗ ಸರತಿಯಲ್ಲಿ ನಿಂತಿದ್ದೆವು. ಹಳೆಯ ಗಿರಾಕಿಯೊಬ್ಬ ನನ್ನ ಧಂಧೆಯ ಹೆಸರು ಹಿಡಿದು ಹಿಂದಿನಿಂದ ಕೂಗಿದ. ನಾನು ತಿರುಗಲಿಲ್ಲ, ಮೇಸ್ತ್ರಿ ತಿರುಗಿದರು. ಅವರ ಕೈಗೆ ಕೊಟ್ಟಿದ್ದ ಚೀಟಿ ದುಡ್ಡು, ಸುಮಾರು 40 ಸಾವಿರ, ಅಲ್ಲಿಗೇ ಮುಳುಗಿತು. ಯಾವ ಮುಖ ಇಟ್ಟುಕೊಂಡು ಕೇಳಲಿ?

ಮುಂದಿನವನಿಗೆ ಮೊದಲ ಫೋನಿನಲ್ಲೇ ಹೇಳಿದೆ. ಆತ ಮದುವೆಯ ಮಾತು ಬಿಟ್ಟು ಪುಕ್ಕಟೆ ಕೇಳತೊಡಗಿದ. ವಾರದೊಳಗೆ ಅವನ ಸ್ನೇಹಿತರ ಕರೆಗಳೂ ಬಂದವು. ಸಿಮ್ ಬದಲಾಯಿಸಿದೆ. ನಡುವೆ ಮದುವೆ ದಲ್ಲಾಳಿಯೊಬ್ಬ 5 ಸಾವಿರ ನುಂಗಿದ.

500 ರೂಪಾಯಿ ಸಾಲ ಕೇಳಿ ಗಂಡಸರನ್ನು ಜರಡಿ ಹಿಡಿಯುವ ಪ್ರಯೋಗವನ್ನೂ ಮಾಡಿದೆ. ದಂಡ. ಕೊಡದವರಲ್ಲಿ ಒಬ್ಬ ಒಳ್ಳೆಯವನಿದ್ದ, ಕೊಟ್ಟವರಲ್ಲಿ ಇಬ್ಬರು ಬಡ್ಡಿಗೆ ನನ್ನನ್ನೇ ಕೇಳಿದರು.

ಕೊನೆಗೆ ಫಲಿಸಿದ್ದು ಮೂರನೆಯ ಭೇಟಿ. ಮಹಾರಾಜ ಪಾರ್ಕಿನಲ್ಲಿ, ಹಗಲು ಹೊತ್ತು, ಕಾಫಿಯ ದುಡ್ಡು ನನ್ನದೇ. ಎರಡು ಭೇಟಿಯಲ್ಲಿ ಮನುಷ್ಯ ಎಂಥವನೆಂದು ನಮಗೆ ತಿಳಿಯುತ್ತದೆ. ಗಂಡಸರನ್ನು ಓದುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಅಳದೆ, ಕಥೆ ಕಟ್ಟದೆ ನಾಲ್ಕು ಮಾತಿನಲ್ಲಿ ಹೇಳಿ, ಹದಿನೈದು ದಿನ ಫೋನ್ ಮಾಡಬೇಡಿ ಎಂದು ಎದ್ದು ಬರಬೇಕು. ಏಳುವ ಮುಂಚೆ ಒಂದು ಪ್ರಶ್ನೆ ಕೇಳುತ್ತೇನೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಉತ್ತರ ಕಲಿತು ಬರುತ್ತಾರೆ.

ಹೀಗೆ ನಾಲ್ವರಿಗೆ ಹೇಳಿದೆ. ಮೂವರ ಸುದ್ದಿಯೇ ಇಲ್ಲ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ತೂಕ ಬರೆಯುವವರು, ಹೆಂಡತಿ ತೀರಿಕೊಂಡವರು, ಹನ್ನೊಂದೋ ಹನ್ನೆರಡೋ ದಿನಕ್ಕೆ ಫೋನ್ ಮಾಡಿದರು. "ಎಷ್ಟು ಜನ" ಎಂದು ಕೇಳಲಿಲ್ಲ. "ನನ್ನ ಮಗಳಿಗೆ ಯಾವಾಗ ಹೇಳೋಣ?" ಎಂದರು.

ಆಗಲೂ ಕೂಡಲೇ ಒಂದೇ ಮನೆಯಲ್ಲಿ ಇರಲು ಹೋಗಲಿಲ್ಲ. 1956ರ ಅನೈತಿಕ ಸಾಗಣೆ ತಡೆ ಕಾಯ್ದೆಯ 4ನೇ ಸೆಕ್ಷನ್ ನೆನಪಿರಲಿ: ಕೆಲಸ ಬಿಡದೆ ಜೊತೆಗಿದ್ದರೆ, ನಮ್ಮ ದುಡಿಮೆ ತಿನ್ನುತ್ತಿದ್ದಾನೆಂದೇ ಗಂಡಸಿನ ಮೇಲೆ ಊಹೆ, ಎರಡು ವರ್ಷದವರೆಗೆ ಜೈಲು. ಹೊಲಿಗೆ ಯಂತ್ರಕ್ಕೆ 14 ಸಾವಿರ ಹಾಕಿ, ಕೆಲಸ ಬಿಟ್ಟು, ಆರು ತಿಂಗಳು ಕಾದೆ. ಇಬ್ಬರೂ ಜಿಲ್ಲಾಸ್ಪತ್ರೆಯ ಐಸಿಟಿಸಿಯಲ್ಲಿ, ಅಂದರೆ ಎಚ್‌ಐವಿ ಸಲಹೆ ಮತ್ತು ಪರೀಕ್ಷಾ ಕೇಂದ್ರದಲ್ಲಿ, ರಕ್ತ ಪರೀಕ್ಷೆ ಮಾಡಿಸಿದೆವು, ಖರ್ಚಿಲ್ಲ. ವಿಶೇಷ ವಿವಾಹ ಕಾಯ್ದೆಯಾದರೆ ಕಚೇರಿಯಲ್ಲಿ 30 ದಿನ ನೋಟಿಸ್ ಅಂಟಿಸುತ್ತಾರೆ. ನನ್ನ ಹೆಸರು ಅಷ್ಟು ದಿನ ಗೋಡೆಯ ಮೇಲಿರುವುದು ಬೇಡವೆಂದು ದೇವಸ್ಥಾನದಲ್ಲಿ ತಾಳಿ ಕಟ್ಟಿಸಿಕೊಂಡು ಹಿಂದೂ ವಿವಾಹ ಕಾಯ್ದೆಯಡಿ ನೋಂದಾಯಿಸಿದೆವು. ಆಧಾರ್ ಇಲ್ಲದವರು ಕೊರಗಬೇಡಿ. ಸುಪ್ರೀಂ ಕೋರ್ಟಿನ 2022ರ ಮೇ ಆದೇಶದಂತೆ, ಏಡ್ಸ್ ನಿಯಂತ್ರಣ ಸಂಸ್ಥೆಯ ಪ್ರಮಾಣಪತ್ರವಿದ್ದರೆ ಆಧಾರ್ ಕೊಡಲು ವಿಳಾಸದ ಪುರಾವೆ ಕೇಳುವಂತಿಲ್ಲ.

ಮಗಳಿಗೆ ಇನ್ನೂ ಹೇಳಿಲ್ಲ. ಪಿಯುಸಿ ಪರೀಕ್ಷೆ ಮುಗಿಯಲಿ ಎಂದಿದ್ದಾರೆ. ಅವಳು ಕೊಟ್ಟ ರವಿಕೆ ಬಟ್ಟೆ ಯಂತ್ರದ ಮೇಲೆಯೇ ಇದೆ. ಎರಡು ಸಲ ಅಳತೆ ತಪ್ಪಿ ಬಿಚ್ಚಿದ್ದೇನೆ.