ಕನಸು ಅಂತ ಗೊತ್ತಾದ ಮೇಲೂ ಎಚ್ಚರವಾಗದೆ ಇರುವುದು

ಕನಸಿನೊಳಗೆ ಇದ್ದುಕೊಂಡೇ ‘ಇದು ಕನಸು’ ಅಂತ ಗುರುತಿಸುವುದು ನನಗೆ ಬೇಗ ಒಲಿಯಿತು. ಆಮೇಲೆ ಅಲ್ಲೇ ಉಳಿಯುವುದಿದೆಯಲ್ಲ, ಅದಕ್ಕೇ ಜಾಸ್ತಿ ಒದ್ದಾಡಿದೆ. ಗೊತ್ತಾದ ಖುಷಿಗೆ ಎದೆ ಡವಡವ ಅನ್ನುತ್ತದೆ, ಸುತ್ತಲಿನ ಬಣ್ಣ ಮಂಕಾಗುತ್ತದೆ, ನೋಡಿದರೆ ಮೇಲೆ ಫ್ಯಾನು ತಿರುಗುತ್ತಿರುತ್ತದೆ. ಲೂಸಿಡ್ ಡ್ರೀಮ್ (ಕನಸು ಅಂತ ಗೊತ್ತಿದ್ದುಕೊಂಡೇ ಕಾಣುವ ಕನಸು) ಕಲಿಯುವವರಲ್ಲಿ ಬಹಳ ಜನ ಇಲ್ಲೇ ಬೇಸತ್ತು ಬಿಡುತ್ತಾರೆ.

ಮೊದಲು ಹೊತ್ತಿನ ವಿಷಯ. ನಿದ್ರೆ ಸುಮಾರು 90 ನಿಮಿಷಗಳ ಸುತ್ತುಗಳಲ್ಲಿ ನಡೆಯುತ್ತದೆ. ಗಾಢವಾದ ಕನಸು ಬೀಳುವ ರೆಮ್ ಹಂತ ರಾತ್ರಿಯ ಮೊದಲ ಸುತ್ತುಗಳಲ್ಲಿ ಚಿಕ್ಕದು, ಬೆಳಗಿನ ಜಾವಕ್ಕೆ ಉದ್ದವಾಗುತ್ತದೆ. ಹಾಗಾಗಿ ಮಲಗಿ ಐದು ಗಂಟೆಯಾದ ಮೇಲೆ ಅಲಾರಂ ಇಟ್ಟು ಏಳುತ್ತೇನೆ. ಸ್ವಲ್ಪ ಹೊತ್ತು ಕೂತು, ಮೊಬೈಲ್ ಮುಟ್ಟದೆ, ‘ಮುಂದಿನ ಕನಸಲ್ಲಿ ನೆನಪಾಗಬೇಕು’ ಅಂದುಕೊಳ್ಳುತ್ತಾ ಮತ್ತೆ ಮಲಗುತ್ತೇನೆ.

ಒಮ್ಮೆ ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಬಸ್ಸಿನ ಬೋರ್ಡಿನಲ್ಲಿ ‘ಸಾಗರ’ ಅಂತಿತ್ತು. ಕಣ್ಣು ತಿರುಗಿಸಿ ಮತ್ತೆ ಓದಿದರೆ ಅಕ್ಷರಗಳೇ ಬೇರೆ. ಕನಸಿನಲ್ಲಿ ಬರಹ ನಿಲ್ಲುವುದು ಕಡಿಮೆ, ಗುರುತು ಸಿಕ್ಕಿತು. ಆಗ ನಾನು ಹಾರಲು ಹೋಗಲಿಲ್ಲ. ನಿಂತಲ್ಲೇ ಎರಡೂ ಅಂಗೈ ಜೋರಾಗಿ ಉಜ್ಜಿದೆ. ಬಿಸಿ ಹತ್ತಿತು! ಪಕ್ಕದ ಕಂಬಿ ಮುಟ್ಟಿದೆ, ತಣ್ಣಗಿತ್ತು. ಚಪ್ಪಲಿ ಬಿಟ್ಟು ನೆಲ ಒತ್ತಿದೆ. ಮಂಕಾಗುತ್ತಿದ್ದ ಬಸ್‌ಸ್ಟ್ಯಾಂಡ್ ಮತ್ತೆ ತಿಳಿಯಾಯಿತು.

ಕೈ ಉಜ್ಜುವ ಉಪಾಯ ನನ್ನದಲ್ಲ. ಅಮೆರಿಕದ ಸಂಶೋಧಕ ಸ್ಟೀಫನ್ ಲಬರ್ಜ್ ಇದನ್ನು ಪರೀಕ್ಷಿಸಿ ನೋಡಿದವರು. ಗಮನವೆಲ್ಲ ಕನಸಿನ ಮೈಗೆ ಹೋದರೆ ಹಾಸಿಗೆಯ ಮೇಲಿನ ಮೈಯ ಕಡೆಗೆ ಹೋಗಲು ಏನೂ ಉಳಿಯುವುದಿಲ್ಲ, ಅಷ್ಟೇ ಇದರ ಗುಟ್ಟು. ರೆಮ್ ಹಂತದಲ್ಲಿ ಕೈಕಾಲಿನ ಸ್ನಾಯುಗಳು ಸಡಿಲಬಿದ್ದಿರುತ್ತವೆ, ಕಣ್ಣು ಮಾತ್ರ ಓಡಾಡುತ್ತದೆ. 1975ರಲ್ಲಿ ಇಂಗ್ಲೆಂಡಿನ ಹಲ್‌ನಲ್ಲಿ ಅಲನ್ ವರ್ಸ್ಲಿ ನಿದ್ದೆಯಲ್ಲೇ ಕಣ್ಣನ್ನು ಎಡಕ್ಕೆ ಬಲಕ್ಕೆ ಆಡಿಸಿ ‘ಇದು ಕನಸು ಅಂತ ಗೊತ್ತಾಗಿದೆ’ ಅಂತ ಸಂಶೋಧಕ ಕೀತ್ ಹರ್ನ್‌ಗೆ ಸನ್ನೆ ಕೊಟ್ಟದ್ದು ಇದೇ ಕಾರಣಕ್ಕೆ ಸಾಧ್ಯವಾಯಿತು. ನನಗಂತೂ ಒಂದೇ ವಸ್ತುವನ್ನು ದಿಟ್ಟಿಸಿದರೆ ಎಚ್ಚರವಾಗಿಬಿಡುತ್ತದೆ. ಆದ್ದರಿಂದ ನೋಟವನ್ನು ನಿಲ್ಲಿಸದೆ ಆಡಿಸುತ್ತಾ ಇರುತ್ತೇನೆ.

ಚಿತ್ರ ಪೂರ್ತಿ ಕಪ್ಪಾದರೆ ಗಿರಗಿರನೆ ಸುತ್ತುತ್ತೇನೆ. ಇದೂ ಲಬರ್ಜ್ ಹೇಳಿದ್ದೇ. ಆದರೆ ಸುತ್ತಿ ನಿಂತಾಗ ಜಾಗ ಬದಲಾಗಿರುತ್ತದೆ, ಎಷ್ಟೋ ಸಲ ನನ್ನ ಕೋಣೆಯೇ ಬಂದುಬಿಡುತ್ತದೆ. ಎದ್ದೆ ಅಂದುಕೊಂಡು ಹಲ್ಲುಜ್ಜಲು ಹೋದರೆ ಅದೂ ಕನಸೇ! ಅದಕ್ಕೆ ಸುತ್ತುವಾಗ ‘ಇದು ಕನಸು, ಇದು ಕನಸು’ ಅಂತ ಹೇಳಿಕೊಳ್ಳುತ್ತಲೇ ಇರಬೇಕು. ಎದ್ದಂತಾದಾಗಲೆಲ್ಲ ಮೂಗು ಒತ್ತಿ ಹಿಡಿದು ಉಸಿರಾಡಿ ನೋಡುತ್ತೇನೆ. ಉಸಿರು ಬಂದರೆ ಇನ್ನೂ ಒಳಗೇ ಇದ್ದೇನೆ.

ನಿಜವಾಗಿ ಎಚ್ಚರವಾದರೂ ತಕ್ಷಣ ಮಗ್ಗುಲು ಬದಲಿಸುವುದಿಲ್ಲ, ಕಣ್ಣೂ ಬಿಡುವುದಿಲ್ಲ. ಹಾಗೇ ಬಿದ್ದುಕೊಂಡು, ಕೈ ಅಲುಗಿಸದೆ, ಉಜ್ಜುತ್ತಿದ್ದೇನೆ ಅಂತ ನೆನೆಸಿಕೊಳ್ಳುತ್ತೇನೆ. ಕೆಲವೊಮ್ಮೆ ಅದೇ ಕನಸು ಮುಂದುವರಿಯುತ್ತದೆ.

ಇಷ್ಟೆಲ್ಲ ಶನಿವಾರ ರಾತ್ರಿ ಮಾತ್ರ. ನಡುರಾತ್ರಿ ಎದ್ದರೆ ಮಾರನೇ ದಿನ ತಲೆ ಭಾರ, ಆಫೀಸಿನಲ್ಲಿ ತೂಕಡಿಕೆ. ಮೊದಲೇ ನಿದ್ದೆ ಸರಿಯಿಲ್ಲದವರು ಈ ಅಲಾರಂ ಗೋಜಿಗೆ ಹೋಗಬೇಡಿ.