ಮಗುವಿನ ಇಂದ್ರಿಯಗಳಿಗೆ ಒಗ್ಗುವ ಸಲಕರಣೆ: ಆರಿಸುವುದು ಹೇಗೆ?

ಕುಕ್ಕರ್ ಕೂಗಿದೊಡನೆ ಕಿವಿ ಮುಚ್ಚಿಕೊಂಡು ಅಳುವ ಮಗುವಿಗೂ, ದಿನವಿಡೀ ಮಂಚದಿಂದ ಜಿಗಿಯುತ್ತ ಗೋಡೆಗೆ ಮೈ ಒತ್ತುವ ಮಗುವಿಗೂ ಒಂದೇ ಸಲಕರಣೆ ಒಗ್ಗುವುದಿಲ್ಲ. ಮೊದಲ ಮಗುವಿಗೆ ಸಂವೇದನೆ ಅತಿಯಾಗಿ ತಾಗುತ್ತದೆ, ಎರಡನೆಯ ಮಗು ಅದನ್ನು ಅರಸುತ್ತದೆ. ಶಬ್ದಕ್ಕೆ ಬೆದರುವ ಮಗುವೇ ಜೋಕಾಲಿಯಿಂದ ಇಳಿಯಲು ಒಪ್ಪದಿರುವುದೂ ಉಂಟು. ಆದ್ದರಿಂದ ಅಂಗಡಿಗೆ ಹೋಗುವ ಮೊದಲು ಎರಡು ವಾರ, ಮಗು ಯಾವಾಗ, ಎಲ್ಲಿ, ಯಾವುದರಿಂದ ಕಂಗೆಟ್ಟಿತು, ಯಾವುದರಿಂದ ಸಮಾಧಾನಗೊಂಡಿತು ಎಂಬುದನ್ನು ಬರೆದಿಡಿ. ದಿನನಿತ್ಯದ ಚಟುವಟಿಕೆಗಳಲ್ಲಿ ಮಗುವಿಗೆ ನೆರವಾಗುವ ತಜ್ಞರಾದ ಆಕ್ಯುಪೇಷನಲ್ ಥೆರಪಿಸ್ಟ್‌ಗೆ ನೀವು ಕೊಡಬಹುದಾದ ಅತ್ಯುತ್ತಮ ಮಾಹಿತಿ ಇದೇ.

ಬಳಿಕ ಮನೆಯಲ್ಲಿರುವುದನ್ನೇ ಪ್ರಯತ್ನಿಸಿ. ಚಪಾತಿ ಹಿಟ್ಟು ನಾದುವುದು, ಅಕ್ಕಿಯ ಡಬ್ಬಿಯೊಳಗೆ ಅಡಗಿಸಿಟ್ಟ ಆಟಿಕೆಗಳನ್ನು ಕೈಯಿಂದ ಹುಡುಕುವುದು, ತರಕಾರಿ ಚೀಲ ಹೊರುವುದು ಇವೆಲ್ಲ ಸ್ನಾಯು ಮತ್ತು ಕೀಲುಗಳಿಗೆ ಅಥವಾ ಸ್ಪರ್ಶಕ್ಕೆ ಬೇಕಾದ ಅನುಭವವನ್ನು ಕೊಡುತ್ತವೆ. ಸಮವಸ್ತ್ರದ ಕಾಲರಿನ ಲೇಬಲ್ಲನ್ನು ಕತ್ತರಿಸಿದ್ದರಿಂದಲೇ ಬೆಳಗಿನ ಅಳು ನಿಂತರೆ ಬೇರೆ ಖರ್ಚೇ ಬೇಡ.

ಶಬ್ದ ತಗ್ಗಿಸುವ ಇಯರ್‌ಮಫ್ ಮದುವೆ ಛತ್ರದ ವಾಲಗಕ್ಕೆ, ದೀಪಾವಳಿಯ ಪಟಾಕಿಗೆ ನಿಜಕ್ಕೂ ಆಸರೆ. ಆದರೆ ಅದನ್ನು ಇಡೀ ದಿನ ಹಾಕಿಟ್ಟರೆ ಸಾಮಾನ್ಯ ಸದ್ದನ್ನು ಸಹಿಸುವುದೂ ಕಷ್ಟವಾಗಬಹುದು, ಹಾಗಾಗಿ ಅಗತ್ಯವಿರುವಷ್ಟು ಹೊತ್ತು ಮಾತ್ರ ಸಾಕು.

ಮೈಮೇಲೆ ಒತ್ತಡ ಬೀಳುವಂತೆ ಒಳಗೆ ಭಾರ ತುಂಬಿ ಹೊಲಿದ ತೂಕದ ಹೊದಿಕೆಯ ವಿಷಯದಲ್ಲಿ ನಾನು ಹೆಚ್ಚು ಎಚ್ಚರಿಕೆ ಹೇಳುತ್ತೇನೆ. ಆಟಿಸಂ ಇರುವ ಮಕ್ಕಳ ಮೇಲೆ ಬ್ರಿಟನ್ನಿನಲ್ಲಿ ನಡೆದು 2014ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಮಕ್ಕಳೂ ಹೆತ್ತವರೂ ಅದನ್ನು ಮೆಚ್ಚಿದರಾದರೂ ನಿದ್ರೆಯ ಅವಧಿ ಹೆಚ್ಚಲಿಲ್ಲ. ಎಳೆಯ ಮಕ್ಕಳಿಗೆ ಉಸಿರುಗಟ್ಟುವ ಅಪಾಯವಿರುವುದರಿಂದ ಶಿಶುಗಳಿಗೆ ಇದನ್ನು ಹೊದಿಸಲೇಬಾರದು. ದೊಡ್ಡ ಮಗುವಾದರೂ ಅದನ್ನು ತಾನಾಗಿಯೇ ಸರಿಸಲು ಶಕ್ತವಾಗಿರಬೇಕು, ತೂಕವನ್ನು ಥೆರಪಿಸ್ಟ್ ನಿರ್ಧರಿಸಬೇಕು.

ಅಗಿಯುವ ಆಟಿಕೆ ಗಟ್ಟಿಯಾದ, ಒಂದೇ ತುಂಡಿನದ್ದಾಗಿರಲಿ. ಹಲ್ಲಿನ ಗುರುತು ಆಳವಾದೊಡನೆ ಬದಲಿಸಿ. ನೀರಿನಲ್ಲಿ ಉಬ್ಬುವ ಬಣ್ಣದ ಮಣಿಗಳನ್ನು ಮನೆಗೆ ತರಲೇಬೇಡಿ, ನುಂಗಿದರೆ ಅವು ಕರುಳಿನಲ್ಲಿ ಉಬ್ಬಿ ದಾರಿ ಕಟ್ಟುತ್ತವೆ. ಬಟನ್ ಬ್ಯಾಟರಿಯ ಡಬ್ಬಿಗೆ ಸ್ಕ್ರೂ ಇಲ್ಲದ ಮಿನುಗುವ ಆಟಿಕೆಯೂ ಬೇಡ.

ಒಮ್ಮೆಗೆ ಒಂದೇ ಸಲಕರಣೆಯನ್ನು, ಮಗು ಶಾಂತವಾಗಿರುವಾಗ ಪರಿಚಯಿಸಿ. ಬಹುಮಾನವೆಂದು ಕೊಡುವುದು, ಶಿಕ್ಷೆಯೆಂದು ಕಿತ್ತುಕೊಳ್ಳುವುದು ಎರಡೂ ತಪ್ಪು, ಅದು ಕನ್ನಡಕದಷ್ಟೇ ಅಗತ್ಯದ ವಸ್ತು. ಶಾಲೆಯ ಶಿಕ್ಷಕರಿಗೂ ಇದನ್ನು ಬಿಡಿಸಿ ಹೇಳಿ. ತಿಂಗಳ ನಂತರ ಬರೆದಿಟ್ಟದ್ದನ್ನು ಮತ್ತೆ ಓದಿ ನೋಡಿ, ಬದಲಾವಣೆ ಕಾಣದಿದ್ದರೆ ಆ ವಸ್ತುವನ್ನು ಪಕ್ಕಕ್ಕಿಟ್ಟು ಥೆರಪಿಸ್ಟ್ ಜೊತೆ ಮತ್ತೊಮ್ಮೆ ಮಾತನಾಡಿ.