ನಿಜಾಮರ ಕಾಲದಲ್ಲಿ ಹೊರದೇಶಕ್ಕೆ ಹೋದ ಹಿರಿಯರನ್ನು ಪಾಸ್‌ಪೋರ್ಟ್ ಮತ್ತು ಪೌರತ್ವ ಕಡತಗಳಲ್ಲಿ ಹುಡುಕುವ ಬಗೆ

ಕಲಬುರಗಿ, ಬೀದರ, ಯಾದಗಿರಿ ಭಾಗದಿಂದ ಹೊರದೇಶಕ್ಕೆ ಹೋಗಿ ಅಲ್ಲಿಯೇ ನೆಲೆಸಿದ ಮುತ್ಯಾನ ಹೆಸರನ್ನು ಕರ್ನಾಟಕ ಅಥವಾ ಮೈಸೂರು ಎಂಬ ಊರಗುರುತಿನ ಕೆಳಗೆ ಹುಡುಕುವವರಿಗೆ ಸಾಮಾನ್ಯವಾಗಿ ಏನೂ ಸಿಗುವುದಿಲ್ಲ. 1948ರ ಸೆಪ್ಟೆಂಬರ್‌ವರೆಗೆ ಈ ನಾಡು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು. ಅದಕ್ಕಿಂತ ಮೊದಲು ಹೋದವರ ಕಾಗದಗಳಲ್ಲಿ ಹುಟ್ಟೂರಿನ ಮುಂದೆ ‘ಹೈದರಾಬಾದ್ ಡೆಕ್ಕನ್’ ಎಂದೇ ಇರುವ ಸಾಧ್ಯತೆ ಹೆಚ್ಚು. ‘ಡೆಕ್ಕನ್’ ಎಂಬ ಮಾತನ್ನು ಕಡೆಗಣಿಸಬಾರದು. ಅದಿಲ್ಲದೆ ಬರೀ ಹೈದರಾಬಾದ್ ಎಂದಿದ್ದರೆ ಅದು ಸಿಂಧ್ ಪ್ರಾಂತದ ಹೈದರಾಬಾದೂ ಆಗಿರಬಹುದು, ಮತ್ತು ಸೂಚಿಗಳಲ್ಲಿ ಇವೆರಡೂ ಕಲಸಿಹೋಗಿರುತ್ತವೆ.

ಮೊದಲು ಮನೆಯ ಟ್ರಂಕನ್ನು ತೆರೆಯಿರಿ. ಹಳೆಯ ಪಾಸ್‌ಪೋರ್ಟ್ ಸಿಕ್ಕರೆ ಭಾವಚಿತ್ರವನ್ನು ನೋಡಿ ಸುಮ್ಮನಾಗದೆ, ರಾಷ್ಟ್ರೀಯ ಸ್ಥಾನಮಾನ ಬರೆದ ಸಾಲನ್ನು ಓದಬೇಕು. ನನ್ನ ಅಭಿಪ್ರಾಯದಲ್ಲಿ ಇಡೀ ಪುಸ್ತಕದಲ್ಲಿ ಅದಕ್ಕಿಂತ ಮುಖ್ಯವಾದ ಸಾಲು ಇನ್ನೊಂದಿಲ್ಲ. ಸೊಲ್ಲಾಪುರ, ಧಾರವಾಡಗಳಲ್ಲಿ ಹುಟ್ಟಿದವರು ಬ್ರಿಟಿಷ್ ಪ್ರಜೆಗಳು, ಆದರೆ ನಿಜಾಮರ ಪ್ರಜೆಗಳು ಕಾನೂನಿನ ಕಣ್ಣಿನಲ್ಲಿ ‘ಬ್ರಿಟಿಷ್ ರಕ್ಷಿತ ವ್ಯಕ್ತಿ’ಗಳು ಮಾತ್ರ. ಈ ವ್ಯತ್ಯಾಸದ ಪರಿಣಾಮ ದೊಡ್ಡದು. ಬ್ರಿಟಿಷ್ ಪ್ರಜೆಯಾಗಿದ್ದವನು ಲಂಡನ್ನಿನಲ್ಲಿ ನೆಲೆಸಲು ಪೌರತ್ವ ಪಡೆಯುವ ಅಗತ್ಯವಿರಲಿಲ್ಲವಾದ್ದರಿಂದ ಅವನ ಹೆಸರಿನಲ್ಲಿ ಅಂಥ ಕಡತವೇ ಇರುವುದಿಲ್ಲ. ಸಂಸ್ಥಾನದ ಪ್ರಜೆಯಾಗಿದ್ದವನಿಗೆ ಆ ಹಕ್ಕು ತಾನಾಗಿ ಬರುತ್ತಿರಲಿಲ್ಲವಾದ್ದರಿಂದ ಅವನ ಅರ್ಜಿ ಇರುವ ಸಾಧ್ಯತೆಯಿದೆ. ಬ್ರಿಟನ್ನಿನ ಪೌರತ್ವ ಪ್ರಮಾಣಪತ್ರಗಳ ಪ್ರತಿಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಅಲ್ಲಿಯೇ ಹಡಗಿನ ಪ್ರಯಾಣಿಕರ ಪಟ್ಟಿಗಳೂ ಇವೆ. ಬಂದವರದು 1878ರಿಂದ, ಹೋದವರದು 1890ರಿಂದ, ಎರಡೂ 1960ರವರೆಗೆ. ನಮ್ಮ ಭಾಗದವರು ವಾಡಿ, ಕಲಬುರಗಿ ಮಾರ್ಗದ ರೈಲು ಹಿಡಿದು ಮುಂಬಯಿಗೆ ಹೋಗುವುದು ಸುಲಭವಾಗಿದ್ದುದರಿಂದ ಮುಂಬಯಿಯಿಂದ ಹೊರಟ ಹಡಗುಗಳನ್ನು ಮೊದಲು ನೋಡುವುದು ಒಳ್ಳೆಯದು.

ಅಮೆರಿಕದ ಕಡತಗಳು ಹೆಚ್ಚು ವಿವರವಾದವು, ಆದರೆ ಅಲ್ಲಿ ಕಾಲವನ್ನು ಗಮನಿಸಬೇಕು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಭಾರತೀಯರಿಗೆ ಪೌರತ್ವದ ಬಾಗಿಲನ್ನು ಮುಚ್ಚಿತು. ಅದಕ್ಕೂ ಮೊದಲು ಪಡೆದಿದ್ದ ಕೆಲವರ ಪೌರತ್ವವನ್ನು ಆಮೇಲೆ ರದ್ದುಪಡಿಸಲಾಯಿತು. 1946ರ ಜುಲೈಯಲ್ಲಿ ಜಾರಿಗೆ ಬಂದ ಲ್ಯೂಸ್-ಸೆಲ್ಲರ್ ಕಾಯಿದೆಯ ಬಳಿಕವೇ ಭಾರತೀಯರು ಮತ್ತೆ ಅರ್ಜಿ ಹಾಕುವಂತಾಯಿತು. ಆದ್ದರಿಂದ 1930ರ ಸುಮಾರಿಗೆ ಅಲ್ಲಿದ್ದ ಹಿರಿಯರ ಪೌರತ್ವ ಅರ್ಜಿ ಸಿಗದಿದ್ದರೆ ಅವರು ಅಲ್ಲಿರಲಿಲ್ಲವೆಂದು ತೀರ್ಮಾನಿಸಬಾರದು. 1940ರಲ್ಲಿ ಪರದೇಶಿಯರೆಲ್ಲ ಹೆಸರು ನೋಂದಾಯಿಸಬೇಕಾಗಿದ್ದುದರಿಂದ ಆ ನೋಂದಣಿ ನಮೂನೆಯಲ್ಲಿ ಅವರನ್ನು ಹುಡುಕಬೇಕು.

1906ರ ಸೆಪ್ಟೆಂಬರ್ 27ಕ್ಕಿಂತ ಮೊದಲಿನ ಅಮೆರಿಕದ ಪೌರತ್ವ ಕಾಗದಗಳು ಆಯಾ ಊರಿನ ನ್ಯಾಯಾಲಯಗಳಲ್ಲಿ ಚದುರಿಹೋಗಿದ್ದು, ವಿವರವೂ ಕಡಿಮೆ. ಆ ದಿನದ ಬಳಿಕ ಒಂದೇ ಬಗೆಯ ನಮೂನೆ ಬಂದು, ಅದರ ಪ್ರತಿ ಕೇಂದ್ರ ಸರ್ಕಾರಕ್ಕೂ ಹೋಗತೊಡಗಿತು. ಅರ್ಜಿಯಲ್ಲಿ ಹುಟ್ಟಿದ ದಿನ, ಹುಟ್ಟೂರು, ಬಂದ ಹಡಗು, ಇಳಿದ ಬಂದರು, ಹೆಂಡತಿ ಮಕ್ಕಳ ಹೆಸರು, ಸಾಕ್ಷಿಗಳ ಹೆಸರು ಇವೆಲ್ಲ ಇರುತ್ತವೆ. ಸಾಕ್ಷಿ ಹಾಕಿದವರನ್ನು ಬಿಟ್ಟು ಮುಂದೆ ಹೋಗಬೇಡಿ. ಪರದೇಶದಲ್ಲಿ ಸಾಕ್ಷಿಗೆ ನಿಲ್ಲುವವನು ಊರಿನವನೋ ನೆಂಟನೋ ಆಗಿರುವುದುಂಟು, ಅವನ ಕಡತದಿಂದ ನಿಮ್ಮ ಊರಿನ ಹೆಸರು ಸ್ಪಷ್ಟವಾಗಬಹುದು. ಇಂಥ ಕಡತಗಳ ಪ್ರತಿಗಳನ್ನು ಅಮೆರಿಕದ ಪೌರತ್ವ ಮತ್ತು ವಲಸೆ ಇಲಾಖೆ ತನ್ನ ವಂಶಾವಳಿ ವಿಭಾಗದ ಮೂಲಕ ಶುಲ್ಕಕ್ಕೆ ಕೊಡುತ್ತದೆ. ಅದಕ್ಕೆ ಮುಂಚೆ ಫ್ಯಾಮಿಲಿಸರ್ಚ್ ಎಂಬ ವಂಶಾವಳಿ ದಾಖಲೆಗಳ ತಾಣದಲ್ಲಿ ಉಚಿತವಾಗಿ ಹುಡುಕಿ ನೋಡಿದರೆ ಹಣ ಉಳಿಯುತ್ತದೆ.

ಹೆಸರು ಮತ್ತು ಊರಿನ ಕಾಗುಣಿತದಲ್ಲಿಯೇ ಹೆಚ್ಚಿನ ಹುಡುಕಾಟ ಮುಗ್ಗರಿಸುತ್ತದೆ. ಕಲಬುರಗಿಯನ್ನು ಗುಲ್ಬರ್ಗಾ, ಕುಲ್ಬರ್ಗಾ ಎಂದೂ, ಸುರಪುರವನ್ನು ಶೋರಾಪುರ ಎಂದೂ, ಯಾದಗಿರಿಯನ್ನು ಯಾದಗೀರ್ ಎಂದೂ ಬರೆಯಲಾಗಿದೆ. ಪಾಟೀಲ, ಬಿರಾದಾರ, ಕುಲಕರ್ಣಿ ಎಂಬಂಥ ಅಡ್ಡಹೆಸರು ಕೈಬಿಟ್ಟು, ತಂದೆಯ ಹೆಸರೇ ಅಡ್ಡಹೆಸರಾಗಿ ದಾಖಲಾಗಿರಲೂಬಹುದು. ಜಿಲ್ಲೆಯ ಹೆಸರನ್ನಂತೂ ಇಂದಿನ ಗಡಿಯಿಂದ ಅಳೆಯಬಾರದು: 1956ಕ್ಕೆ ಮೊದಲು ತಾಂಡೂರು, ಕೊಡಂಗಲ್ ಗುಲ್ಬರ್ಗಾ ಜಿಲ್ಲೆಯಲ್ಲಿದ್ದವು, ಉದಗೀರ್ ಬೀದರ ಜಿಲ್ಲೆಯಲ್ಲಿತ್ತು, ಯಾದಗಿರಿ ಪ್ರತ್ಯೇಕ ಜಿಲ್ಲೆಯಾದದ್ದು ತೀರ ಇತ್ತೀಚೆಗೆ. ಹುಟ್ಟಿದ ದಿನ ಜೂನ್ 1 ಎಂದಿದ್ದರೆ ಅದು ಶಾಲೆಗೆ ಸೇರಿಸುವಾಗ ಮಾಸ್ತರರು ಅಂದಾಜಿನಲ್ಲಿ ಬರೆದುಕೊಂಡ ದಿನವೂ ಆಗಿರಬಹುದು.

ಗಲ್ಫ್ ದೇಶಗಳಿಗೆ ಹೋದವರ ವಿಷಯ ಬೇರೆ. ಅಲ್ಲಿ ಹೊರಗಿನವರಿಗೆ ಪೌರತ್ವ ಸಿಗುವುದು ತೀರ ಅಪರೂಪವಾದ್ದರಿಂದ ಅವರ ಪಾಸ್‌ಪೋರ್ಟ್ ಪುಟಗಳ ವೀಸಾ ಮುದ್ರೆಗಳೇ ಮುಖ್ಯ ದಾಖಲೆ. ಮೂಲೆ ಕತ್ತರಿಸಿ ಹಿಂದಿರುಗಿಸಿದ ರದ್ದಾದ ಪುಸ್ತಕವನ್ನು ಎಸೆಯದೆ ಇಟ್ಟುಕೊಳ್ಳಬೇಕು. ಕರಾಚಿಗೆ ಹೋದ ಕುಟುಂಬಗಳಿಗೆ ಭಾರತಕ್ಕೆ ಬಂದುಹೋಗಲು 1948ರ ಜುಲೈಯಿಂದ ಪರ್ಮಿಟ್, 1952ರ ಅಕ್ಟೋಬರ್‌ನಿಂದ ಪಾಸ್‌ಪೋರ್ಟ್ ಎಂಬ ಕ್ರಮ ನೆನಪಿರಲಿ.

ಹೊರಗಿನ ಕಡತದಿಂದ ಊರು, ತಂದೆಯ ಹೆಸರು, ಅಂದಾಜು ವರ್ಷ ಸಿಕ್ಕಿತೆಂದರೆ ಹಳ್ಳಿಯ ದಾಖಲೆಗೆ ಮರಳಬೇಕು. ತಹಸೀಲ್ದಾರ ಕಚೇರಿಯ ಹಳೆಯ ಪಹಣಿ, ವಾರಸಾ ನೋಂದಣಿ, ಶಾಲೆಯ ದಾಖಲಾತಿ ರಿಜಿಸ್ಟರ್ ಇವುಗಳಲ್ಲಿ ಅದೇ ತಂದೆಯ ಹೆಸರನ್ನು ನೋಡಿರಿ. ನಿಜಾಮ ಸರ್ಕಾರದ ಕಡತಗಳು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿವೆ. ಬ್ರಿಟಿಷ್ ರೆಸಿಡೆನ್ಸಿಯ (ನಿಜಾಮರ ಬಳಿ ಇದ್ದ ಬ್ರಿಟಿಷ್ ಪ್ರತಿನಿಧಿಯ ಕಚೇರಿ) ಕಡತಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದಲ್ಲಿದ್ದು, ಆ ಸಂಸ್ಥೆಯ ಸೂಚಿಯನ್ನು ಅಭಿಲೇಖ್ ಪಟಲ್ ತಾಣದಲ್ಲಿ ಮನೆಯಿಂದಲೇ ನೋಡಬಹುದು. ಸಂಸ್ಥಾನದ ಕಾಗದಗಳು ಬಹುಪಾಲು ಉರ್ದುವಿನಲ್ಲಿದ್ದು, ವರ್ಷ ಫಸಲಿಯಲ್ಲಿ, ಅಂದರೆ ನಿಜಾಮ ಸರ್ಕಾರ ಬಳಸುತ್ತಿದ್ದ ಕಂದಾಯದ ವರ್ಷದ ಲೆಕ್ಕದಲ್ಲಿ ಇರುತ್ತದೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರದಲ್ಲಿ ಆರಂಭವಾಗುತ್ತಿದ್ದುದರಿಂದ, ಇಸವಿ ತಿಳಿಯಲು ಫಸಲಿ ವರ್ಷಕ್ಕೆ ಡಿಸೆಂಬರ್‌ವರೆಗಿನ ದಿನಗಳಲ್ಲಾದರೆ 590, ಜನವರಿಯಿಂದಾಚೆಗೆ 591 ಕೂಡಿಸಬೇಕು. ಫಸಲಿ 1350ರ ತೀರ್ ತಿಂಗಳೆಂದರೆ 1941ರ ಮೇ ಆಸುಪಾಸು. ಉರ್ದು ಲಿಪಿಯಲ್ಲಿ ಹ್ರಸ್ವ ಸ್ವರಗಳನ್ನು ಬರೆಯುವ ರೂಢಿ ಕಡಿಮೆಯಾದ್ದರಿಂದ ಕನ್ನಡದ ಹೆಸರುಗಳನ್ನು ಊಹಿಸಿಯೇ ಓದಬೇಕಾಗುತ್ತದೆ. ಹಳೆಯ ದಫ್ತರ ಓದಿ ಬಲ್ಲ ಹಿರಿಯರನ್ನು ಜೊತೆಗೆ ಕೂರಿಸಿಕೊಂಡು, ಒಂದೇ ಹೆಸರು ಕನಿಷ್ಠ ಎರಡು ಕಾಗದಗಳಲ್ಲಿ ಹೊಂದಿದ ಬಳಿಕವೇ ವಂಶಾವಳಿಗೆ ಸೇರಿಸಿರಿ.

ಹೊರದೇಶದಲ್ಲಿರುವ ಮೊಮ್ಮಕ್ಕಳಿಗೆ ಈ ಕಾಗದಗಳು ಓಸಿಐ (ಸಾಗರೋತ್ತರ ಭಾರತೀಯ ಪೌರ) ಕಾರ್ಡಿನ ಅರ್ಜಿಗೂ ಬೇಕಾಗುತ್ತವೆ. 1947ರ ಆಗಸ್ಟ್ 15ರ ಬಳಿಕ ಭಾರತಕ್ಕೆ ಸೇರಿದ ಪ್ರದೇಶದವರ ಸಂತತಿಗೂ ಪೌರತ್ವ ಕಾಯಿದೆಯ 7ಎ ಕಲಮಿನಲ್ಲಿ ಅವಕಾಶವಿದ್ದು, ಹೈದರಾಬಾದ್ ಸಂಸ್ಥಾನ ಅಂಥ ಪ್ರದೇಶವೇ ಆಗಿದೆ; ಆದರೆ ಪಾಕಿಸ್ತಾನ ಅಥವಾ ಬಾಂಗ್ಲಾದೇಶದ ಪೌರರಾಗಿದ್ದವರ ಸಂತತಿಗೆ ಆ ಅವಕಾಶವಿಲ್ಲ.